ಸೀಸನ್ ಶುರುವಾಗುವ ಮುಂಚಿನ ಜಗಳ: ಎಂಟು ಪಾಯಿಂಟಿನ ಲೆಕ್ಕ

ಆಗಸ್ಟ್ ಬಂತೆಂದರೆ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ನೋಡುವವರಿಗೆಲ್ಲ ಒಂದೇ ಚರ್ಚೆ. ಈ ಸಲ ನಮ್ಮ ಟೀಮ್ ಎಷ್ಟನೇ ಸ್ಥಾನಕ್ಕೆ ಬರುತ್ತೆ? ಇನ್ನೂ ಒಂದು ಮ್ಯಾಚೂ ನಡೆದಿರುವುದಿಲ್ಲ, ಎಲ್ಲರ ಖಾತೆಯಲ್ಲೂ ಸೊನ್ನೆ. ಆದರೂ ಹಾಸ್ಟೆಲ್ ಮೆಸ್ಸಿನಲ್ಲಿ ತಟ್ಟೆ ಒಣಗಿಹೋಗುವವರೆಗೂ ವಾದ ನಿಲ್ಲುವುದಿಲ್ಲ. ಒಬ್ಬ ಹೇಳ್ತಾನೆ, "ಹೋದ ವರ್ಷ ಮೂರನೇ ಸ್ಥಾನ, ಹಾಗಾದ್ರೆ ಈ ವರ್ಷ ಕಪ್ ನಮ್ದೇ." ಇನ್ನೊಬ್ಬ, "ಕೊನೇ ಒಂಬತ್ತು ಮ್ಯಾಚ್ ನೋಡಿದ್ಯೇನೋ? ಅದೇ ನಮ್ಮ ನಿಜವಾದ ಫಾರ್ಮ್." ಮೂರನೆಯವನಿಗೆ ಹೊಸ ಮ್ಯಾನೇಜರ್ ಮೇಲೆ ನಂಬಿಕೆ. ನಾಲ್ಕನೆಯವನು ಸುಮ್ಮನೆ ನಗ್ತಾನೆ. ಅವನ ಟೀಮ್ ಹೋದ ಸಲ ಕಪ್ ಗೆದ್ದಿದೆ.

ಇವರೆಲ್ಲ ಹೋದ ವರ್ಷದ ಪಾಯಿಂಟ್ಸ್ ಟೇಬಲ್ಲನ್ನು ಮಾರ್ಕ್ಸ್ ಕಾರ್ಡಿನ ಹಾಗೆ ಓದುತ್ತಾರೆ. ಅಲ್ಲಿ ಬರೆದದ್ದೆಲ್ಲ ಟೀಮಿನ ಯೋಗ್ಯತೆಯೇ ಅಂತ. ಆದರೆ ಆ ಟೇಬಲ್ಲಿನಲ್ಲಿ ಯೋಗ್ಯತೆ ಎಷ್ಟು, ಅದೃಷ್ಟ ಎಷ್ಟು? ಇದನ್ನು ಬಾಯಿಮಾತಿನಲ್ಲಿ ಬಿಡಬೇಕಾಗಿಲ್ಲ. ಮ್ಯಾಥ್ಸ್ ಪೇಪರಿಗೆ ನಾವು ಬಾಯಿಪಾಠ ಮಾಡಿ ಮರೆತುಬಿಡುವ ಪಾಯ್ಸಾನ್ ಡಿಸ್ಟ್ರಿಬ್ಯೂಶನ್ ಮತ್ತು ವೇರಿಯನ್ಸ್ ಇಷ್ಟಿದ್ದರೆ ಸಾಕು, ಉತ್ತರ ಸಿಗುತ್ತೆ. ಉದಾಹರಣೆಗೆ ಲೆಸ್ಟರ್ ಸಿಟಿಯನ್ನು ತಗೊಳ್ಳೋಣ. ಹತ್ತು ವರ್ಷದಲ್ಲಿ ಈ ಕ್ಲಬ್ಬಿನ ಅಭಿಮಾನಿಗಳು ನೋಡಿದಷ್ಟು ಏರಿಳಿತ ಬೇರೆ ಯಾರೂ ನೋಡಿರಲಿಕ್ಕಿಲ್ಲ.

2015ರ ಆಗಸ್ಟ್

ಪ್ರೀಮಿಯರ್ ಲೀಗ್ ಗೊತ್ತಿಲ್ಲದವರಿಗೆ ಎರಡು ಮಾತು. 20 ಟೀಮ್, ಪ್ರತಿಯೊಂದಕ್ಕೂ 38 ಮ್ಯಾಚ್. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ಪ್ಲೇ-ಆಫ್, ಫೈನಲ್ ಅಂತೆಲ್ಲ ಇಲ್ಲ. 38 ಮ್ಯಾಚ್ ಮುಗಿದಾಗ ಮೇಲಿದ್ದವರು ಚಾಂಪಿಯನ್. ಕೆಳಗಿನ ಮೂವರು ಎರಡನೇ ದರ್ಜೆಗೆ ಇಳಿಯುತ್ತಾರೆ, ಅದೇ ರೆಲಿಗೇಶನ್.

2014ರಲ್ಲಿ ಮೇಲಕ್ಕೆ ಬಂದಿದ್ದ ಲೆಸ್ಟರ್, ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಟೇಬಲ್ಲಿನ ತಳದಲ್ಲಿತ್ತು. 29 ಮ್ಯಾಚಿನಲ್ಲಿ 19 ಪಾಯಿಂಟ್. ಎಲ್ಲರೂ ಕೈಬಿಟ್ಟ ಮೇಲೆ ಕೊನೇ ಒಂಬತ್ತು ಮ್ಯಾಚಿನಲ್ಲಿ ಏಳು ಗೆಲುವು, ಒಂದು ಡ್ರಾ. ಒಟ್ಟು 41 ಪಾಯಿಂಟ್, 14ನೇ ಸ್ಥಾನ, ಬಚಾವ್. ಅದಾದ ಮೇಲೆ 2015ರ ಜೂನ್ 30ರಂದು ಮ್ಯಾನೇಜರ್ ನೈಜೆಲ್ ಪಿಯರ್ಸನ್‌ರನ್ನು ಕ್ಲಬ್ ತೆಗೆದುಹಾಕಿತು. ಅಭಿಮಾನಿಗಳು ವರ್ಷದ ಆಟಗಾರ ಅಂತ ಆರಿಸಿದ್ದ ಕ್ಯಾಂಬಿಯಾಸೋ ಕ್ಲಬ್ ಬಿಟ್ಟು ಹೋದರು. ಹೊಸ ಮ್ಯಾನೇಜರಾಗಿ ಬಂದವರು ಕ್ಲಾಡಿಯೊ ರನಿಯೇರಿ. ಅವರ ಹಿಂದಿನ ಕೆಲಸ ಗ್ರೀಸ್ ದೇಶದ ತಂಡದ್ದು. ಪುಟ್ಟ ಫೆರೋ ದ್ವೀಪಗಳ ತಂಡದ ಎದುರು ಸ್ವಂತ ನೆಲದಲ್ಲೇ ಸೋತು ಆ ಕೆಲಸ ಕಳೆದುಕೊಂಡಿದ್ದರು. ಲೆಸ್ಟರ್‌ನಲ್ಲೇ ಹುಟ್ಟಿ, ಅಲ್ಲೇ ಆಡಿ ಬೆಳೆದ ಗ್ಯಾರಿ ಲಿನೆಕರ್ ಕೂಡ ಈ ನೇಮಕವನ್ನು ಬಹಿರಂಗವಾಗಿಯೇ ಪ್ರಶ್ನಿಸಿದ್ದರು.

ಆ ಆಗಸ್ಟಿನಲ್ಲಿ ಲೆಸ್ಟರ್ ಅಭಿಮಾನಿಗಳಿಗಿದ್ದ ಚರ್ಚೆ ಕಪ್ಪಿನದ್ದಲ್ಲ, ಉಳೀತೀವೋ ಇಳೀತೀವೋ ಅನ್ನೋದು. ಲೆಸ್ಟರ್ ಚಾಂಪಿಯನ್ ಆಗುತ್ತೆ ಅನ್ನುವುದಕ್ಕೆ ಬುಕ್ಕಿಗಳು ಕೊಟ್ಟ ದರ 5000ಕ್ಕೆ 1.

ನಮ್ಮ ಕೈಯಲ್ಲಿ ಒಂದು ಕಾಗದ, ಪೆನ್ನು ಇದ್ದಿದ್ದರೆ ಏನು ಹೇಳುತ್ತಿದ್ದೆವು? 2014-15ರಲ್ಲಿ ಲೆಸ್ಟರ್ ಹೊಡೆದದ್ದು 46 ಗೋಲು, ಬಿಟ್ಟುಕೊಟ್ಟದ್ದು 55. ಅಂದರೆ ಮ್ಯಾಚಿಗೆ ಸರಾಸರಿ 1.21 ಮತ್ತು 1.45. ಈ ಎರಡು ಸರಾಸರಿಗಳನ್ನು ಪಾಯ್ಸಾನ್ ಸೂತ್ರಕ್ಕೆ ಹಾಕಿ, ಸೊನ್ನೆ ಗೋಲು, ಒಂದು ಗೋಲು, ಎರಡು ಗೋಲು ಹೊಡೆಯುವ ಸಂಭವ ಎಷ್ಟೆಷ್ಟು ಅಂತ ಎರಡೂ ಕಡೆಗೆ ಪಟ್ಟಿ ಮಾಡಿ. ಆಮೇಲೆ ಎರಡು ಪಟ್ಟಿಗಳನ್ನು ಗುಣಿಸಿ. 1-0, 2-0, 2-1 ಇವೆಲ್ಲ ಕೂಡಿದರೆ ಗೆಲ್ಲುವ ಸಂಭವ, 0-0, 1-1, 2-2 ಕೂಡಿದರೆ ಡ್ರಾ. ಗೆಲುವಿನ ಸಂಭವವನ್ನು 3ರಿಂದ ಗುಣಿಸಿ, ಡ್ರಾದ್ದನ್ನು ಕೂಡಿಸಿ, 38ರಿಂದ ಗುಣಿಸಿದರೆ ಆ ಗೋಲುಗಳಿಗೆ 'ನ್ಯಾಯವಾಗಿ' ಬರಬೇಕಾದ ಪಾಯಿಂಟ್. ಲೆಸ್ಟರ್‌ಗೆ ಬಂದ ಉತ್ತರ 46. ಸಿಕ್ಕಿದ್ದು 41. ಆಡಿದ ಆಟಕ್ಕಿಂತ ಸ್ವಲ್ಪ ಕಡಿಮೆಯೇ ಸಿಕ್ಕಿತ್ತು. ಹಾಗಾಗಿ "ಇಳೀತೀವಿ" ಅಂತ ಹೆದರುವ ಅಗತ್ಯ ಅಷ್ಟೇನೂ ಇರಲಿಲ್ಲ. ಕಪ್ ಗೆಲ್ಲುವ ಸೂಚನೆಯಂತೂ ಆ ಕಾಗದದಲ್ಲಿ ಎಲ್ಲೂ ಇರಲಿಲ್ಲ.

ಆಮೇಲೆ ಆದದ್ದು ಎಲ್ಲರಿಗೂ ಗೊತ್ತು. 23 ಗೆಲುವು, 12 ಡ್ರಾ, 3 ಸೋಲು, 81 ಪಾಯಿಂಟ್, ಚಾಂಪಿಯನ್.

ಅದೃಷ್ಟಕ್ಕೂ ಒಂದು ಅಳತೆ ಇದೆ

ಈಗ 2016ರ ಆಗಸ್ಟಿಗೆ ಬನ್ನಿ. ಚಾಂಪಿಯನ್ ಟೀಮಿನ ಅಭಿಮಾನಿ ಏನು ನಿರೀಕ್ಷೆ ಇಟ್ಟುಕೊಳ್ಳಬೇಕು? ಮತ್ತೆ ಅದೇ ಲೆಕ್ಕ. 68 ಗೋಲು ಹೊಡೆದು 36 ಬಿಟ್ಟಿತ್ತು, ಅಂದರೆ ಸರಾಸರಿ 1.79 ಮತ್ತು 0.95. ಪಾಯ್ಸಾನ್ ಪ್ರಕಾರ ಲೆಸ್ಟರ್ ಒಂದು ಮ್ಯಾಚಿನಲ್ಲಿ ಗೋಲೇ ಹೊಡೆಯದಿರುವ ಸಂಭವ ಶೇ. 17, ಒಂದು ಹೊಡೆಯುವುದು ಶೇ. 30, ಎರಡು ಶೇ. 27, ಮೂರು ಶೇ. 16. ಎದುರಾಳಿಗೆ ಸೊನ್ನೆ ಶೇ. 39, ಒಂದು ಶೇ. 37, ಎರಡು ಶೇ. 17. ಗುಣಿಸಿ ಕೂಡಿದರೆ ಗೆಲುವು ಶೇ. 57, ಡ್ರಾ ಶೇ. 23, ಸೋಲು ಶೇ. 20. ಸೀಸನ್ನಿಗೆ 74 ಪಾಯಿಂಟ್. ಸಿಕ್ಕಿದ್ದು 81.

ಹೆಚ್ಚಿಗೆ ಬಂದ ಈ ಏಳು ಪಾಯಿಂಟ್ ಎಲ್ಲಿಂದ? ಅವರ 23 ಗೆಲುವುಗಳಲ್ಲಿ 14 ಬರೀ ಒಂದು ಗೋಲಿನ ಅಂತರದ್ದು. ವರ್ಷದ ಕೊನೆಗಂತೂ 1-0, 1-0 ಅಂತ ಸಾಲಾಗಿ ಬಂದವು. ಅಭಿಮಾನಿ ಇದನ್ನು "ಗೆಲ್ಲೋದು ಹೇಗೆ ಅಂತ ಗೊತ್ತಿರೋ ಟೀಮ್" ಅನ್ನುತ್ತಾನೆ. ಇರಬಹುದು. ಆದರೆ ಒಂದು ಗೋಲಿನ ಅಂತರದಲ್ಲಿ ಚೆಂಡು ಕಂಬಕ್ಕೆ ತಾಗಿ ಒಳಗೆ ಹೋಯಿತೋ ಹೊರಗೆ ಬಂತೋ ಅನ್ನುವುದಕ್ಕೂ ಪಾಲಿದೆ. ಕಾಗೆ ಕೂರೋದಕ್ಕೂ ಕೊಂಬೆ ಮುರಿಯೋದಕ್ಕೂ ಸರಿಹೋದ ಹಾಗೆ.

ಎಷ್ಟು ಪಾಲು ಅಂತ ಕೇಳಿದರೆ ಇಲ್ಲಿ ವೇರಿಯನ್ಸ್ ಕೆಲಸಕ್ಕೆ ಬರುತ್ತೆ. ಒಂದು ಮ್ಯಾಚಿನಿಂದ ಬರುವ ಪಾಯಿಂಟ್ 3, 1 ಅಥವಾ 0. ಮೇಲಿನ ಸಂಭವಗಳನ್ನು ಹಾಕಿದರೆ ಅದರ ವೇರಿಯನ್ಸ್ ಸುಮಾರು 1.6. ಮ್ಯಾಚುಗಳು ಒಂದಕ್ಕೊಂದು ಸಂಬಂಧ ಇಲ್ಲದವು ಅಂದುಕೊಂಡರೆ 38ಕ್ಕೆ ಸುಮಾರು 60. ವರ್ಗಮೂಲ ತೆಗೆದರೆ ಹತ್ತಿರಹತ್ತಿರ 8.

ಈ ಎಂಟನ್ನು ಸ್ವಲ್ಪ ಹೊತ್ತು ನೋಡಿ. ಒಂದೇ ಟೀಮ್, ಅದೇ ಆಟಗಾರರು, ಅದೇ ಯೋಗ್ಯತೆ ಇಟ್ಟುಕೊಂಡು ಅದೇ ಸೀಸನ್ನನ್ನು ಮತ್ತೆ ಮತ್ತೆ ಆಡಿದರೂ, ಮೂರರಲ್ಲಿ ಎರಡು ಸಲ ಮಾತ್ರ ಫಲಿತಾಂಶ ಸರಾಸರಿಯಿಂದ ಎಂಟು ಪಾಯಿಂಟಿನ ಒಳಗೆ ಇರುತ್ತೆ. ಉಳಿದ ಒಂದು ಸಲ ಅದಕ್ಕಿಂತ ದೂರ. 74ರ ಟೀಮ್ 66ಕ್ಕೂ ಇಳಿಯಬಹುದು, 82ಕ್ಕೂ ಏರಬಹುದು, ಅದರಲ್ಲಿ ಆಶ್ಚರ್ಯ ಏನಿಲ್ಲ. ಲೀಗಿನ ಮಧ್ಯಭಾಗದ ಟೀಮಿಗೂ ಈ ಅಂಕಿ ಸುಮಾರು ಇಷ್ಟೇ ಬರುತ್ತೆ. 2015-16ರ ಟೇಬಲ್ಲಿನಲ್ಲಿ ಒಂಬತ್ತನೇ ಸ್ಥಾನಕ್ಕೆ 51, ಹದಿನಾರನೇ ಸ್ಥಾನಕ್ಕೆ 42. ನಡುವೆ ಇರುವುದು ಒಂಬತ್ತೇ ಪಾಯಿಂಟ್. "ನಾವು ಒಂಬತ್ತನೇ ಸ್ಥಾನದ ಟೀಮು, ನೀವು ಹದಿನಾರನೇ ಸ್ಥಾನದವರು" ಅಂತ ಹೀಯಾಳಿಸುವವರು ಸ್ವಲ್ಪ ಉಸಿರು ತಗೊಳ್ಳಬೇಕು.

ಅದೇ ವರ್ಷದ ಟಾಟನ್‌ಹ್ಯಾಮ್ ನೋಡಿ. 69 ಗೋಲು ಹೊಡೆದು 35 ಬಿಟ್ಟಿದ್ದರು. ಲೆಸ್ಟರ್‌ಗಿಂತ ಗೋಲು ವ್ಯತ್ಯಾಸ ಎರಡು ಹೆಚ್ಚು. ನಮ್ಮ ಲೆಕ್ಕದಲ್ಲಿ 75 ಪಾಯಿಂಟ್, ಸಿಕ್ಕಿದ್ದು 70, ಸ್ಥಾನ ಮೂರು. ಆ ಆಗಸ್ಟಿನಲ್ಲಿ ಟಾಟನ್‌ಹ್ಯಾಮ್ ಅಭಿಮಾನಿಯೊಬ್ಬ "ನಾವೇನೂ ಕಮ್ಮಿ ಇರ್ಲಿಲ್ಲ" ಅಂದಿದ್ದರೆ ಎಲ್ಲರೂ ನಗುತ್ತಿದ್ದರೇನೋ. ಮುಂದಿನ ಸೀಸನ್ನಿನಲ್ಲಿ ಅದೇ ಟೀಮ್ 86 ಪಾಯಿಂಟ್ ತಗೊಂಡು ಎರಡನೇ ಸ್ಥಾನಕ್ಕೆ ಬಂತು.

ಗೋಲುಗಳ ಲೆಕ್ಕ ಬೇಡ, ಬರೀ ಪಾಯಿಂಟ್ಸ್ ಟೇಬಲ್ ಇದ್ದರೆ ಸಾಕು ಅನ್ನುವವರಿಗೆ ಇನ್ನೊಂದು ದಾರಿ ಇದೆ. 2015-16ರ ಇಪ್ಪತ್ತೂ ಟೀಮಿನ ಪಾಯಿಂಟುಗಳ ವೇರಿಯನ್ಸ್ ತೆಗೆದರೆ ಸುಮಾರು 226 ಬರುತ್ತೆ. ಅದರಲ್ಲಿ ಬರೀ ಅದೃಷ್ಟದ ಪಾಲು 60ರ ಆಸುಪಾಸು. ಅಂದರೆ ಟೇಬಲ್ಲಿನ ಮೇಲು-ಕೆಳಗಿನ ಕಾಲು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅದೃಷ್ಟ, ಉಳಿದದ್ದು ಯೋಗ್ಯತೆ. ಹಾಗಾಗಿ ಯಾವ ಟೀಮಿನ ಪಾಯಿಂಟನ್ನೂ ಸರಾಸರಿಯ ಕಡೆಗೆ ಕಾಲು ಭಾಗದಷ್ಟು ಎಳೆದು ನೋಡಬೇಕು. ಸರಾಸರಿ 52. ಲೆಸ್ಟರ್ ಅದಕ್ಕಿಂತ 29 ಮೇಲಿತ್ತು, ಅದರ ಶೇ. 73 ಇಟ್ಟುಕೊಂಡರೆ 21. ಒಟ್ಟು 73. ಗೋಲುಗಳಿಂದ ಬಂದ 74ಕ್ಕೂ, ಪಾಯಿಂಟುಗಳಿಂದ ಬಂದ 73ಕ್ಕೂ ಎಷ್ಟು ಹತ್ತಿರ ನೋಡಿ! ಎರಡು ಬೇರೆ ದಾರಿ, ಒಂದೇ ಊರು.

ಎಂಟನ್ನು ಮೀರಿದರೆ

ಹಾಗಾದರೆ 2016ರ ಆಗಸ್ಟಿನಲ್ಲಿ ಪ್ರಾಮಾಣಿಕ ಅಂದಾಜು 73-74. ಆದದ್ದು 44, ಹನ್ನೆರಡನೇ ಸ್ಥಾನ. ಮೂವತ್ತು ಪಾಯಿಂಟ್ ಕಡಿಮೆ! ಎಂಟರ ಅಳತೆಯಲ್ಲಿ ಇದು ಸುಮಾರು ನಾಲ್ಕು ಪಟ್ಟು. ಅದರ ಹಿಂದಿನ ವರ್ಷ 46ರ ಅಂದಾಜಿನಿಂದ 81ಕ್ಕೆ ಹಾರಿದ್ದೂ ನಾಲ್ಕು ಪಟ್ಟಿಗಿಂತ ಜಾಸ್ತಿ. "ಎಲ್ಲಾ ಹಣೆಬರಹ ಮಾರಾಯಾ" ಅಂತ ಕೈಚೆಲ್ಲುವವರಿಗೂ ಇಲ್ಲಿ ಜಾಗ ಇಲ್ಲ. ಅದೃಷ್ಟ ಅಷ್ಟು ದೂರ ಹೊತ್ತುಕೊಂಡು ಹೋಗುವುದಿಲ್ಲ. ಟೀಮೇ ಬದಲಾಗಿರಬೇಕು.

ಸೀಸನ್ನಿಗೆ ಮುಂಚಿನ ಚರ್ಚೆಗೆ ನಿಜವಾದ ತಿರುಳು ಸಿಗುವುದು ಇಲ್ಲೇ ಅಂತ ನನಗನ್ನಿಸುತ್ತೆ. ಎಂಟರ ಒಳಗಿನ ಏರಿಳಿತಕ್ಕೆ ಕಾರಣ ಹುಡುಕಿ ಜಗಳ ಆಡುವುದು ವ್ಯರ್ಥ. ಅದರಾಚೆಗೆ ಟೀಮನ್ನು ಒಯ್ಯಬಲ್ಲದ್ದು ಏನಿದೆ ಅಂತ ಕೇಳಬೇಕು.

2015ರಲ್ಲಿ ಏನಿತ್ತು? ಫ್ರಾನ್ಸಿನ ಕಾನ್ ಕ್ಲಬ್ಬಿನಿಂದ ಎನ್‌ಗೋಲೋ ಕಾಂಟೆ ಬಂದರು. ಕ್ಯಾಂಬಿಯಾಸೋ ಹೋದರಲ್ಲಾ ಅಂತ ಅಳುತ್ತಿದ್ದವರಿಗೆ ಈ ಹೆಸರು ಆಗ ಏನೂ ಹೇಳಿರಲಿಕ್ಕಿಲ್ಲ. ಮಧ್ಯ ಮೈದಾನದಲ್ಲಿ ಎದುರಾಳಿಯ ಕಾಲಿನಿಂದ ಚೆಂಡು ಕಸಿಯುವುದರಲ್ಲಿ ಅವರಿಗೆ ಸಾಟಿ ಇರಲಿಲ್ಲ. ಕಸಿದ ಚೆಂಡು ಮಹ್ರೆಜ್ ಮೂಲಕ ವಾರ್ಡಿಗೆ. ವಾರ್ಡಿ ಆ ವರ್ಷ ಸತತ 11 ಲೀಗ್ ಮ್ಯಾಚುಗಳಲ್ಲಿ ಗೋಲು ಹೊಡೆದು ಒಟ್ಟು 24 ಹೊಡೆದರು. ಯುರೋಪಿನ ಟೂರ್ನಿ ಇರಲಿಲ್ಲ, ವಾರದ ನಡುವೆ ಪ್ರಯಾಣ ಇಲ್ಲ, ದೊಡ್ಡ ಗಾಯಗಳೂ ಕಡಿಮೆ. ಹೆಚ್ಚುಕಮ್ಮಿ ಅದೇ ಹನ್ನೊಂದು ಜನ ವಾರವಾರವೂ ಆಡಿದರು.

ಇನ್ನು ಆ "ಕೊನೇ ಒಂಬತ್ತು ಮ್ಯಾಚ್" ವಾದ. ಸಾಮಾನ್ಯವಾಗಿ ಇದು ಬಲು ದುರ್ಬಲ, ಯಾಕೆಂದರೆ ಎಲ್ಲಿಂದ ಎಣಿಸಬೇಕು ಅನ್ನುವುದನ್ನು ಫಲಿತಾಂಶ ನೋಡಿಯೇ ನಾವು ಆರಿಸಿಕೊಂಡಿರುತ್ತೇವೆ. ಗೋಡೆಗೆ ಬಾಣ ಬಿಟ್ಟು ಆಮೇಲೆ ಅದರ ಸುತ್ತ ವೃತ್ತ ಬರೆದ ಹಾಗೆ. ಆದರೆ ಲೆಸ್ಟರ್ ವಿಷಯದಲ್ಲಿ ಇದನ್ನು ತಳ್ಳಿಹಾಕುವಂತಿಲ್ಲ. 46 ಪಾಯಿಂಟಿನ ಟೀಮಿಗೆ ಒಂಬತ್ತು ಮ್ಯಾಚಿನಲ್ಲಿ ಬರಬೇಕಾದದ್ದು 11. ಬಂದದ್ದು 22. ಒಂಬತ್ತು ಮ್ಯಾಚಿನ ಅದೃಷ್ಟದ ಅಳತೆ 4ಕ್ಕಿಂತ ಸ್ವಲ್ಪ ಕಡಿಮೆ, ಅಂದರೆ ಇದು ಅದರ ಮೂರು ಪಟ್ಟು ಹತ್ತಿರ. ಜೊತೆಗೆ ಕಾರಣವೂ ಕಣ್ಣಿಗೆ ಕಾಣುವಂತಿತ್ತು: ಫೆಬ್ರವರಿಯಲ್ಲಿ ಡಿಫೆಂಡರ್ ರಾಬರ್ಟ್ ಹೂಥ್ ಬಂದಿದ್ದರು, ಪಿಯರ್ಸನ್ ಹಿಂದೆ ಮೂವರನ್ನು ನಿಲ್ಲಿಸಿ ಆಡಿಸಲು ಶುರು ಮಾಡಿದ್ದರು. ದೊಡ್ಡ ಅಂತರ, ಜೊತೆಗೆ ಕಾಣುವ ಕಾರಣ. ಎರಡೂ ಇದ್ದಾಗ ಅಂಥ ವಾದಕ್ಕೆ ಕಿವಿಗೊಡಬೇಕು.

2016ರಲ್ಲಿ ಏನು ಬದಲಾಯಿತು? ಕಾಂಟೆ ಚೆಲ್ಸಿಗೆ ಹೋದರು. ಆ ವರ್ಷ ಚೆಲ್ಸಿ 93 ಪಾಯಿಂಟಿನೊಂದಿಗೆ ಚಾಂಪಿಯನ್. ಒಬ್ಬನೇ ಆಟಗಾರನಿಗೆ ಎರಡು ಸತತ ವರ್ಷ, ಎರಡು ಬೇರೆ ಕ್ಲಬ್ಬಿನಲ್ಲಿ ಪ್ರಶಸ್ತಿ. ಲೆಸ್ಟರ್‌ಗೆ ಚಾಂಪಿಯನ್ಸ್ ಲೀಗಿನ ಹತ್ತು ಮ್ಯಾಚು ಹೆಚ್ಚುವರಿ ಬಂದವು, ಕ್ವಾರ್ಟರ್ ಫೈನಲ್ ತನಕ ಹೋದರು. ಎದುರಾಳಿಗಳೂ ಪಾಠ ಕಲಿತಿದ್ದರು, ವಾರ್ಡಿ ಓಡುವುದಕ್ಕೆ ಜಾಗವನ್ನೇ ಬಿಡಲಿಲ್ಲ. 25 ಮ್ಯಾಚಿಗೆ 21 ಪಾಯಿಂಟ್ ಆಗಿದ್ದಾಗ, 2017ರ ಫೆಬ್ರವರಿ 23ರಂದು, ಕಪ್ ಗೆದ್ದು ಒಂಬತ್ತು ತಿಂಗಳಾಗಿದ್ದ ರನಿಯೇರಿಯನ್ನು ಮನೆಗೆ ಕಳುಹಿಸಿದರು. ನಂತರ ಬಂದ ಕ್ರೇಗ್ ಶೇಕ್ಸ್‌ಪಿಯರ್ ಮೊದಲ ಐದೂ ಲೀಗ್ ಮ್ಯಾಚ್ ಗೆದ್ದರು. ಕೊನೆಯ 13 ಮ್ಯಾಚಿನಲ್ಲಿ 23 ಪಾಯಿಂಟ್.

"ನೋಡಿದ್ರಾ, ಹೊಸ ಮ್ಯಾನೇಜರ್ ಬಂದ್ರೆ ಹೇಗೆ!" ಅಂತ ವಾದಿಸುವವರಿಗೆ ಇದು ಅಚ್ಚುಮೆಚ್ಚಿನ ಉದಾಹರಣೆ. ಸ್ವಲ್ಪ ನಿಧಾನ. ಮ್ಯಾನೇಜರನ್ನು ಯಾವಾಗ ತೆಗೆಯುತ್ತಾರೆ? ಯೋಗ್ಯತೆಯೂ ಕುಸಿದು ಅದೃಷ್ಟವೂ ಕೈಕೊಟ್ಟ, ಎರಡೂ ಸೇರಿದ ತಳದಲ್ಲಿ. ಆ ತಳದಿಂದ ಯಾರೇ ಬರಲಿ, ಬರದೇ ಇರಲಿ, ಅದೃಷ್ಟದ ಭಾಗ ತಾನಾಗಿ ಸರಾಸರಿಗೆ ಮರಳುತ್ತೆ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದ ಅನ್ನುವುದೂ ಸುಳ್ಳಲ್ಲ, ಆಟಗಾರರು ಹೊಸಬರ ಎದುರು ಮೈಮುರಿದು ಆಡುತ್ತಾರೆ. ಆದರೆ ಆ ಚೇತರಿಕೆಯಷ್ಟನ್ನೂ ಹೊಸಬರ ಖಾತೆಗೆ ಬರೆಯುವುದು ರನಿಯೇರಿಗೆ ಮಾಡುವ ಅನ್ಯಾಯ. ಅದೇ ಅಕ್ಟೋಬರಿನಲ್ಲಿ ಶೇಕ್ಸ್‌ಪಿಯರ್ ಅವರ ಕೆಲಸವೂ ಹೋಯಿತು.

ನಮ್ಮ ಬೆಂಗಳೂರು ಎಫ್‌ಸಿಗೆ ಈ ಅಳತೆ ಹಿಡಿದರೆ? 2023-24ರಲ್ಲಿ 22 ಮ್ಯಾಚಿಗೆ 22 ಪಾಯಿಂಟ್, 12 ಟೀಮಿನಲ್ಲಿ 10ನೇ ಸ್ಥಾನ. ಮುಂದಿನ ವರ್ಷ 24 ಮ್ಯಾಚಿಗೆ 38, ಮೂರನೇ ಸ್ಥಾನ, ಫೈನಲ್ಲಿನಲ್ಲಿ ಮೋಹನ್ ಬಗಾನ್ ಎದುರು ಹೆಚ್ಚುವರಿ ಸಮಯದಲ್ಲಿ ಸೋಲು. ಮ್ಯಾಚಿಗೆ 1.00 ಇದ್ದದ್ದು 1.58 ಆಯಿತು. ಭಾರೀ ಜಿಗಿತದ ಹಾಗೆ ಕಾಣುತ್ತೆ. ಆದರೆ ಇಂಡಿಯನ್ ಸೂಪರ್ ಲೀಗಿನಲ್ಲಿ ಮ್ಯಾಚುಗಳೇ ಕಡಿಮೆ, ಹಾಗಾಗಿ ಅದೃಷ್ಟದ ಪಾಲು ಜಾಸ್ತಿ. ಎರಡು ಸೀಸನ್ನುಗಳ ವ್ಯತ್ಯಾಸಕ್ಕೆ ಲೆಕ್ಕ ಹಾಕಿದರೆ ಈ 0.58 ಬರೀ ಒಂದೂವರೆ ಸ್ಟ್ಯಾಂಡರ್ಡ್ ಡೀವಿಯೇಶನ್. ಟೀಮ್ ಸುಧಾರಿಸಿತ್ತು ಅಂತಲೇ ನಾನೂ ನಂಬುತ್ತೇನೆ. ಆದರೆ ಲೆಸ್ಟರ್ ಬಗ್ಗೆ ಹೇಳಿದಷ್ಟು ಗಟ್ಟಿಯಾಗಿ ಇಲ್ಲಿ ಹೇಳಲಾಗದು. ಇದನ್ನು ಕಂಠೀರವ ಸ್ಟೇಡಿಯಮ್ಮಿನ ವೆಸ್ಟ್ ಬ್ಲಾಕಿನಲ್ಲಿ ನಿಂತು ಹೇಳುವ ಧೈರ್ಯ ಮಾತ್ರ ನನಗಿಲ್ಲ.

ಲೆಕ್ಕದ ಮಿತಿ

ಪಾಯ್ಸಾನ್ ಮಾದರಿ ಸರಳ, ಅದಕ್ಕೇ ಸ್ವಲ್ಪ ಒರಟು. ಸ್ವಂತ ಮೈದಾನದ ಅನುಕೂಲ ನಾವು ಹಾಕಲಿಲ್ಲ. ಎದುರಾಳಿ ಯಾರು ಅಂತಲೂ ನೋಡಲಿಲ್ಲ. ಒಂದು ಗೋಲು ಮುಂದಿರುವ ಟೀಮ್ ಹಿಂದೆ ಸರಿದು ಆಡುತ್ತೆ, ಆಗ ಎರಡೂ ಕಡೆಯ ಗೋಲುಗಳು ಸ್ವತಂತ್ರವಾಗಿ ಉಳಿಯುವುದಿಲ್ಲ. 1982ರಲ್ಲಿ ಮಾಹೆರ್ ಪ್ರತಿ ಟೀಮಿಗೂ ದಾಳಿಯ ಬಲ, ರಕ್ಷಣೆಯ ಬಲ ಅಂತ ಬೇರೆ ಬೇರೆ ಇಟ್ಟು ಇದನ್ನು ಸುಧಾರಿಸಿದರು. 1997ರಲ್ಲಿ ಡಿಕ್ಸನ್ ಮತ್ತು ಕೋಲ್ಸ್, 0-0, 1-1ರಂಥ ಕಡಿಮೆ ಗೋಲಿನ ಫಲಿತಾಂಶಗಳಿಗೆ ತಿದ್ದುಪಡಿ ಸೇರಿಸಿದರು. ಕೋಡಿಂಗ್ ಗೊತ್ತಿದ್ದವರು ಒಂದು ಸಂಜೆಯಲ್ಲಿ ಪೈಥಾನ್‌ನಲ್ಲಿ ಬರೆದು ನೋಡಬಹುದು.

ಗೋಲು ವ್ಯತ್ಯಾಸವೂ ಕೆಲವೊಮ್ಮೆ ಮೋಸ ಮಾಡುತ್ತೆ. ಅದಕ್ಕೆ ಮತ್ತೆ ಲೆಸ್ಟರ್‌ಗೇ ಬರಬೇಕು. 2022-23ರಲ್ಲಿ 51 ಹೊಡೆದು 68 ಬಿಟ್ಟಿದ್ದ ಲೆಸ್ಟರ್‌ಗೆ ನಮ್ಮ ಲೆಕ್ಕ 42 ಪಾಯಿಂಟ್ ಕೊಡುತ್ತೆ. 37 ಹೊಡೆದು 71 ಬಿಟ್ಟಿದ್ದ ಬೋರ್ನ್‌ಮತ್‌ಗೆ ಬರೀ 30 ಚಿಲ್ಲರೆ. ನಿಜದಲ್ಲಿ ಸಿಕ್ಕಿದ್ದು? ಲೆಸ್ಟರ್‌ಗೆ 34, ಬೋರ್ನ್‌ಮತ್‌ಗೆ 39. ಬೋರ್ನ್‌ಮತ್ ಆ ವರ್ಷ ಲಿವರ್‌ಪೂಲ್ ಎದುರು ಒಂದೇ ಮ್ಯಾಚಿನಲ್ಲಿ 0-9 ಸೋತಿತ್ತು. ಒಂಬತ್ತು ಗೋಲಿಗೂ ಕಳೆದುಹೋಗುವುದು ಮೂರೇ ಪಾಯಿಂಟ್. ಅದನ್ನು ಪಕ್ಕಕ್ಕಿಟ್ಟರೂ ಲೆಸ್ಟರ್‌ನ ಗೋಲು ವ್ಯತ್ಯಾಸವೇ ಮೇಲು. ಕೊನೇ ದಿನ ಲೆಸ್ಟರ್ ವೆಸ್ಟ್ ಹ್ಯಾಮನ್ನು 2-1ರಿಂದ ಸೋಲಿಸಿತು. ಅದೇ ಹೊತ್ತಿಗೆ ಎವರ್ಟನ್ 1-0ರಿಂದ ಗೆದ್ದು 36ಕ್ಕೆ ತಲುಪಿತು, ಗೆದ್ದ ಲೆಸ್ಟರ್ ಕೆಳಗಿಳಿಯಿತು. ಟಿವಿ ಹಕ್ಕಿನ ದುಡ್ಡು ಹೋಯಿತು, ಮ್ಯಾಡಿಸನ್, ಹಾರ್ವೆ ಬಾರ್ನ್ಸ್‌ರಂಥ ಆಟಗಾರರೂ ಹೋದರು.

2023ರ ಆಗಸ್ಟಿನಲ್ಲಿ "ಈ ಟೀಮ್ ಇಷ್ಟು ಕೆಟ್ಟದ್ದಲ್ಲ" ಅಂದ ಲೆಸ್ಟರ್ ಅಭಿಮಾನಿಯ ಕಡೆಗೆ ಅಂಕಿ-ಅಂಶ ಇತ್ತು. ಆ ವರ್ಷ ಎರಡನೇ ದರ್ಜೆಯಲ್ಲಿ 97 ಪಾಯಿಂಟ್ ತಗೊಂಡು ಚಾಂಪಿಯನ್ ಆಗಿ ಮೇಲಕ್ಕೆ ಬಂದರು. ಮೇಲಕ್ಕೆ ತಂದ ಮ್ಯಾನೇಜರ್ ಮರೆಸ್ಕಾ ಅಷ್ಟರಲ್ಲೇ ಚೆಲ್ಸಿಗೆ ಹೊರಟರು. 2024-25ರಲ್ಲಿ ಲೆಸ್ಟರ್ 33 ಗೋಲು ಹೊಡೆದು 80 ಬಿಟ್ಟಿತು. ಲೆಕ್ಕ ನೀವೇ ಹಾಕಿ ನೋಡಿ, ಉತ್ತರ 24 ಬರುತ್ತೆ. ಸಿಕ್ಕಿದ್ದು 25, ಮತ್ತೆ ರೆಲಿಗೇಶನ್. ಈ ಸಲ ಅದೃಷ್ಟವನ್ನು ಬೈಯುವ ಹಾಗೂ ಇರಲಿಲ್ಲ.